ಕಬ್ಬಿನ ಗದ್ದೆಗೆ ದೂರದ ಬಂದೂಕು ಯಾಕೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಾ ಕಡೆ ಚಿರತೆ ಭಯ. ವೀಕ್ಷಕರೊಬ್ಬರು ಫೋನ್ ಮಾಡಿ ಕೇಳಿದ್ರು: 'ಸಾರ್, ದೂರಕ್ಕೂ ಗುರಿ ತಪ್ಪದ ಸೆಮಿ ಆಟೋಮ್ಯಾಟಿಕ್ ರೈಫಲ್ ಯಾವುದು?'

ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಹೇಳ್ತೀನಿ ಕೇಳಿ. ಆಳೆತ್ತರದ ಕಬ್ಬಿನೊಳಗೆ ಹತ್ತು ಅಡಿ ಆಚೆ ಏನೂ ಕಾಣಲ್ಲ. ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರ್ ಆಚೆಗೂ ಹೋಗುತ್ತೆ. ಅಲ್ಲಿ ನೀರು ಕಟ್ಟುತ್ತಾ ನಿಂತಿರೋನು ನಿಮ್ಮಣ್ಣನೇ ಆಗಿರಬಹುದು!

ಇನ್ನು ಕಾನೂನು. ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಬೇಟೆಯಾಡಿದರೆ ಜೈಲು.

ರೈತ ಕೇಳಬೇಕಾದ್ದು ಕೊಟ್ಟಿಗೆಗೆ ಭದ್ರ ಬಾಗಿಲು, ಅರಣ್ಯ ಇಲಾಖೆಯ ಬೋನು, ಹಗಲು ಹೊತ್ತಿನ ತ್ರೀಫೇಸ್ ಕರೆಂಟು. ನಡುರಾತ್ರಿ ಕರೆಂಟು ಕೊಟ್ಟು ಅವನನ್ನ ಗದ್ದೆಗೆ ಕಳಿಸೋರು ಯಾರು ಸ್ವಾಮಿ? ಮೊದಲು ಅವರು ಉತ್ತರ ಕೊಡಲಿ.