ದಿನಬಳಕೆಯಲ್ಲಿ ಸುಗಂಧ ಸಸ್ಯಗಳು ಮತ್ತು ಅವುಗಳ ಎಣ್ಣೆ



ಅಂಗಳದಲ್ಲಿ ತುಳಸಿ, ಬಚ್ಚಲ ನೀರು ಹರಿಯುವ ಕಡೆ ನಾಲ್ಕು ದಂಟು ದೊಡ್ಡಪತ್ರೆ, ಬೇಲಿಯ ಮಗ್ಗುಲಲ್ಲಿ ಒಂದು ಬುಡ ಮಜ್ಜಿಗೆ ಹುಲ್ಲು ಇವು ಹಳ್ಳಿಮನೆಗೆ ಹೊಸತೇನಲ್ಲ. ಮಗುವಿಗೆ ನೆಗಡಿಯಾದರೆ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡುವುದು, ಹೊಟ್ಟೆ ಉಬ್ಬರಿಸಿದರೆ ಓಮ ಜಗಿಯುವುದು, ಹಲ್ಲುನೋವಿಗೆ ಲವಂಗ ಕಚ್ಚಿ ಹಿಡಿಯುವುದು, ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಲಾವಂಚದ ಬೇರು ಹಾಕುವುದು ತಲೆತಲಾಂತರದಿಂದ ನಡೆದು ಬಂದ ವಾಡಿಕೆ. ದವನಕ್ಕಂತೂ ಚೈತ್ರದಲ್ಲಿ ಒಂದು ಹುಣ್ಣಿಮೆಯೇ ಮೀಸಲು.

ಈ ಗಿಡಗಳ ವಾಸನೆಗೆ ಕಾರಣ ಅವುಗಳ ಎಲೆ, ಬೀಜ, ಬೇರುಗಳಲ್ಲಿ ಅಡಗಿರುವ ಒಂದು ಬಗೆಯ ಎಣ್ಣೆ. ಇದು ಕಡಲೆಕಾಯಿ ಎಣ್ಣೆಯಂತೆ ಗಾಣಕ್ಕೆ ಸಿಕ್ಕುವಂಥದಲ್ಲ. ಗಾಳಿಗಿಟ್ಟರೆ ಆವಿಯಾಗಿ ಹೋಗುತ್ತದೆ. ಆದ್ದರಿಂದಲೇ ಭಟ್ಟಿ ಇಳಿಸಿ ತೆಗೆಯಬೇಕು. ಮುಚ್ಚಿದ ಹಂಡೆಯಲ್ಲಿ ಹುಲ್ಲು ತುಂಬಿ ಕೆಳಗಿನಿಂದ ನೀರಾವಿ ಹಾಯಿಸಿದರೆ, ಆವಿಯ ಜೊತೆ ಎಣ್ಣೆಯೂ ಮೇಲೇರುತ್ತದೆ. ಆ ಆವಿ ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯಲ್ಲಿ ಹಾದು ಮತ್ತೆ ನೀರಾಗುವಾಗ ಎಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡುವುದು ಅಗತ್ಯ. ನೂರು ಕಿಲೋ ಹಸಿ ಮಜ್ಜಿಗೆ ಹುಲ್ಲಿನಿಂದ ಸಿಗುವ ಎಣ್ಣೆ ಹೆಚ್ಚೆಂದರೆ ಅರ್ಧ ಕಿಲೋ. ಅನೇಕ ವೇಳೆ ಅಷ್ಟೂ ಇಲ್ಲ. ಅಂದರೆ ಒಂದು ಚಹಾ ಚಮಚದಷ್ಟು ಎಣ್ಣೆಗೆ ಸುಮಾರು ಒಂದು ಕಿಲೋ ಹುಲ್ಲು ಬೇಕು. ಮನೆಯಲ್ಲಿ ಕಷಾಯಕ್ಕೆ ಹಾಕುವುದು ಎರಡು ಮೂರು ಗರಿ. ಒಂದು ಕಿಲೋ ಹುಲ್ಲನ್ನು ಒಬ್ಬರ ಕಷಾಯಕ್ಕೆ ಯಾರೂ ಹಾಕುವುದಿಲ್ಲ. ಆದರೆ ಸೀಸೆಯ ಎಣ್ಣೆಯನ್ನು 'ಅದೂ ಸೊಪ್ಪಿನದೇ ತಾನೆ' ಎಂದು ಚಮಚಗಟ್ಟಲೆ ಕುಡಿಸುವವರು ಇದ್ದಾರೆ. ಅಪಾಯ ಇರುವುದು ಇಲ್ಲಿಯೇ.

ನೀಲಗಿರಿ ಎಣ್ಣೆಯನ್ನೇ ತೆಗೆದುಕೊಳ್ಳಿ. ದೊಡ್ಡವರಿಗೆ ನೆಗಡಿಯಾದಾಗ ಕರವಸ್ತ್ರಕ್ಕೆ ಎರಡು ತೊಟ್ಟು ಹಾಕಿ ಮೂಸಿದರೆ ಹಾಯೆನಿಸುತ್ತದೆ. ಅದೇ ಎಣ್ಣೆ ಒಂದು ಚಮಚ ಮಗುವಿನ ಹೊಟ್ಟೆಗೆ ಹೋದರೆ ಮಂಪರು ಕವಿದು ಪ್ರಜ್ಞೆ ತಪ್ಪಬಹುದು, ಫಿಟ್ಸ್ ಬರಬಹುದು. ಕರ್ಪೂರವೂ ಹಾಗೆಯೇ. ದೇವರ ಗೂಡಿನಲ್ಲಿ ಕೈಗೆಟುಕುವ ಹಾಗೆ ಇಟ್ಟ ಬಿಲ್ಲೆಯನ್ನು ಮಗು ಕಲ್ಲುಸಕ್ಕರೆಯೆಂದು ಬಾಯಿಗೆ ಹಾಕಿಕೊಳ್ಳುತ್ತದೆ. ಇಂಥ ಸಂದರ್ಭದಲ್ಲಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ತೊಂದರೆ ಇಮ್ಮಡಿಯಾಗುತ್ತದೆ. ಸೀಸೆ ಅಥವಾ ಪೊಟ್ಟಣವನ್ನು ಜೊತೆಗೇ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಳೆಮಕ್ಕಳ ಮೂಗಿನ ಬಳಿ ಈ ಎರಡನ್ನೂ ಹಚ್ಚದಿರುವುದೇ ಲೇಸು.

ಬಜೆಯ ಮಾತನ್ನೂ ಇಲ್ಲಿ ಹೇಳಬೇಕು. ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಜೌಗು ಗದ್ದೆಗಳಲ್ಲಿ ಇದನ್ನು ಬೆಳೆಯುತ್ತಾರೆ. ಮಾತು ಚುರುಕಾಗಲಿ ಎಂದು ಹಸುಗೂಸಿನ ನಾಲಗೆಗೆ ಬಜೆ ತೇಯ್ದು ನೆಕ್ಕಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಎಂಬ ವಸ್ತುವಿದ್ದು, ಇಲಿಗಳಿಗೆ ತಿನ್ನಿಸಿ ನೋಡಿದಾಗ ಗಂತಿಗಳು ಕಂಡುಬಂದವು. ಅಮೆರಿಕದಲ್ಲಿ 1968ರಲ್ಲೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಲಾಯಿತು. ಅಜ್ಜಿಯರಿಗೆ ಈ ಮಾತು ರುಚಿಸಲಾರದು. ಆದರೂ ಮನೆಗೆ ಭೇಟಿ ಕೊಡುವ ಕಾರ್ಯಕರ್ತರು ಇದನ್ನು ಸಮಾಧಾನದಿಂದ ತಿಳಿಸಿ ಹೇಳಬೇಕು. ಬಜೆಗೆ ಬೇರೆ ಒಳ್ಳೆಯ ಕೆಲಸವಿದೆ. ಚೆನ್ನಾಗಿ ಒಣಗಿಸಿದ ಬಿತ್ತನೆ ಹೆಸರು, ಅಲಸಂದೆಗೆ ನೂರು ಕಿಲೋಗೆ ಒಂದು ಕಿಲೋದಂತೆ ಬಜೆ ಪುಡಿ ಬೆರೆಸಿಟ್ಟರೆ ಕಾಳು ಕೊರೆಯುವ ಹುಳುವಿನ ಹಾವಳಿ ತಗ್ಗುತ್ತದೆ. ಹೀಗೆ ಬೆರೆಸಿದ ಕಾಳನ್ನು ಅಡಿಗೆಗೆ ಬಳಸಬಾರದು.

ಮೈಗೆ ಹಚ್ಚುವಾಗಲೂ ಸೀಸೆಯ ಎಣ್ಣೆಯನ್ನು ಹಾಗೆಯೇ ಸುರಿದುಕೊಂಡರೆ ಚರ್ಮ ಉರಿದು ಕೆಂಪಾಗುತ್ತದೆ. ಒಂದು ಚಹಾ ಚಮಚ ಕೊಬ್ಬರಿ ಎಣ್ಣೆಗೆ ಎರಡು ತೊಟ್ಟು ಸಾಕು. ಮೊದಲು ಮುಂಗೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡುವುದು ಉತ್ತಮ. ಸಂಜೆ ಸೊಳ್ಳೆ ಕಾಟಕ್ಕೆ ಸಿಟ್ರೊನೆಲ್ಲ ಎಣ್ಣೆಯನ್ನು ಹೀಗೆ ಬೆರೆಸಿ ಹಚ್ಚಬಹುದಾದರೂ ಅದರ ಪ್ರಭಾವ ಒಂದೆರಡು ಗಂಟೆ ಮಾತ್ರ. ಸೊಳ್ಳೆಪರದೆಯನ್ನು ಮೂಲೆಗೆ ಹಾಕುವಂತಿಲ್ಲ. ಲವಂಗದ ಎಣ್ಣೆಯೂ ಹಲ್ಲುನೋವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಹುಳುಕನ್ನು ವಾಸಿ ಮಾಡುವುದಿಲ್ಲ.

ಪೇಟೆಯಲ್ಲಿ ಕೊಳ್ಳುವ ಎಣ್ಣೆಗೆ ಕಲಬೆರಕೆಯ ಕಾಟ ಇದ್ದೇ ಇದೆ. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಹಾಕಿ ಮಾರನೆಯ ದಿನ ನೋಡಿ. ದೊಡ್ಡ ಜಿಡ್ಡಿನ ಕಲೆ ಉಳಿದಿದ್ದರೆ ಅಡಿಗೆ ಎಣ್ಣೆ ಸೇರಿದೆಯೆಂದು ಸಂಶಯ ಪಡಬಹುದು. ಸೀಮೆಎಣ್ಣೆಯಂಥದು ಬೆರೆತಿದ್ದರೆ ಇದರಿಂದ ಗೊತ್ತಾಗದು. ಎಣ್ಣೆಯನ್ನು ಕಂದು ಬಣ್ಣದ ಸೀಸೆಯಲ್ಲಿ ಕತ್ತಿನವರೆಗೆ ತುಂಬಿ, ಬಿರಡೆ ಬಿಗಿದು, ಬಿಸಿಲು ಒಲೆಗಳಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಇನ್ನು ಮಾರಾಟಕ್ಕಾಗಿ ಬೆಳೆಯುವ ವಿಚಾರ. ಮಜ್ಜಿಗೆ ಹುಲ್ಲು ಒಮ್ಮೆ ನೆಟ್ಟರೆ ನಾಲ್ಕೈದು ವರ್ಷ ಕೊಯ್ಲು ಕೊಡುತ್ತದೆ. ದನಕರುಗಳ ಕಾಟವೂ ಕಡಿಮೆ. ಆದರೆ ಹುಲ್ಲನ್ನೇ ದೂರ ಸಾಗಿಸಿದರೆ ಲಾರಿ ಬಾಡಿಗೆಗೇ ಹಣ ಹೋಗುತ್ತದೆ. ಹತ್ತಿರದಲ್ಲಿ ಭಟ್ಟಿ ಇದೆಯೇ, ಎಣ್ಣೆ ಕೊಳ್ಳುವವರು ಯಾರು, ಯಾವ ಲೆಕ್ಕದಲ್ಲಿ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಎಕರೆಗಟ್ಟಲೆ ನೆಡುವುದು ಬೇಡ. ಸಸಿ ಮಾರುವವರ ಬಾಯಿಮಾತು ಸಾಲದು, ಬರಹದಲ್ಲಿ ಇರಲಿ. ಲಕ್ನೋದಲ್ಲಿರುವ ಕೇಂದ್ರ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ಶಾಖೆ ಬೆಂಗಳೂರಿನಲ್ಲಿದೆ. ಅಲ್ಲಿ ತಳಿ ಮತ್ತು ಭಟ್ಟಿಯ ವಿಷಯ ವಿಚಾರಿಸಬಹುದು. ಭಟ್ಟಿಯಿಂದ ತೆಗೆದ ಹುಲ್ಲನ್ನು ಎಸೆಯಬೇಡಿ. ಒಣಗಿಸಿದರೆ ಮುಂದಿನ ಹಂಡೆಗೆ ಅದೇ ಉರುವಲು.

ಲಾವಂಚ ನೆಟ್ಟವರಿಗೆ ಒಂದು ಎಚ್ಚರಿಕೆ. ಗುಂಡ್ಲುಪೇಟೆ ಸೀಮೆಯ ರೈತರು ಹಿಂದಿನಿಂದಲೂ ಇದನ್ನು ಹೊಲದ ಎಲ್ಲೆಯ ಸಾಲಾಗಿ ಬೆಳೆಸಿದವರು. ಆಳಕ್ಕಿಳಿದ ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ. ಎಣ್ಣೆ ಇರುವುದೂ ಆ ಬೇರಿನಲ್ಲೇ. ಇಳಿಜಾರಿನ ಬದುವಿನಲ್ಲಿ ಬೆಳೆದದ್ದನ್ನು ಬೇರಿನ ಆಸೆಗೆ ಅಗೆದರೆ ಮುಂದಿನ ಮಳೆಗೆ ಬದುವೇ ಒಡೆಯುತ್ತದೆ. ಬೇರಿಗಾಗಿ ಬೆಳೆಯುವವರು ಸಮತಟ್ಟಾದ ಮರಳುಮಿಶ್ರಿತ ಮಣ್ಣಿನಲ್ಲಿ ಬೇರೆಯಾಗಿಯೇ ನೆಡಬೇಕು. ಒಂದೂವರೆ ವರ್ಷದ ಹೊತ್ತಿಗೆ ಅಗೆಯಲು ಬರುತ್ತದೆ.