ಶಾಂತಿ ಎಂಬ ಮಾತಿನ ಅರ್ಥವಿಚಾರ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಶಾಂತಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರಿಂದ ನನಗೆ ಅಪ್ಪಣೆಯಾಗಿದೆ. ನಾನು ಶಾಸ್ತ್ರಗಳನ್ನು ಬಲ್ಲವನಲ್ಲ. ಬಹುಕಾಲ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಭಾಷೆಯನ್ನು ಕಲಿಸಿ ನಿವೃತ್ತನಾದವನು. ಒಮ್ಮೆ ಒಬ್ಬ ಹುಡುಗನು ಎದ್ದು ನಿಂತು, “ಗುರುಗಳೇ, ಶಾಂತಿ ಎಂಬುದೊಂದಕ್ಕೆ ಇಂಗ್ಲಿಷಿನಲ್ಲಿ ಇಷ್ಟು ಮಾತುಗಳೇಕೆ?” ಎಂದು ಕೇಳಿದನು. “ಎಲ್ಲವೂ ಒಂದೇ, ಬರೆದುಕೋ” ಎಂದುಬಿಟ್ಟೆನು. ಆ ಉತ್ತರವು ತಪ್ಪಾಗಿತ್ತು. ಅದನ್ನು ಈ ಸಭೆಯಲ್ಲಿ ತಿದ್ದಿಕೊಳ್ಳಬೇಕೆಂಬುದೇ ನನ್ನ ಉದ್ದೇಶ.

ಮೊದಲನೆಯ ಮಾತು ‘ಕಾಮ್’. ನಮ್ಮ ಅರಿಷಡ್ವರ್ಗದ ಕಾಮಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ಮೂಲವನ್ನರಸಿದ ಶಬ್ದಶಾಸ್ತ್ರಜ್ಞರಲ್ಲಿ ಬಹುಮಂದಿ ಫ್ರೆಂಚ್, ಇಟಾಲಿಯನ್, ಲ್ಯಾಟಿನ್ ಭಾಷೆಗಳನ್ನು ದಾಟಿ ಗ್ರೀಕರ ‘ಕೌಮ’ ಎಂಬ ಶಬ್ದವನ್ನು ಮುಟ್ಟುತ್ತಾರೆ. ಅದರ ಅರ್ಥವಾದರೋ ಸುಡುವ ಬೇಗೆ! ನಡುಹಗಲಿನ ಬಿಸಿಲಿಗೆ ಕೆಲಸವೆಲ್ಲ ನಿಂತು ಜನರೂ ದನಗಳೂ ನೆರಳು ಸೇರುವ ಹೊತ್ತಿನ ವಿಶ್ರಾಂತಿಗೆ ಆ ಹೆಸರಾಯಿತು. ಮುಂದೆ ಅಲೆಯಿಲ್ಲದ ಕಡಲಿಗೂ, ಕಡೆಗೆ ಉದ್ವೇಗವಿಲ್ಲದ ಮನಸ್ಸಿಗೂ ಅದೇ ಹೆಸರು ನಿಂತಿತು. ವೈಶಾಖಮಾಸದ ನಡುಹಗಲಿನಲ್ಲಿ ದೇವದುರ್ಗದ ದಾರಿಯ ಬೇವಿನ ನೆರಳಿಗೆ ಮಲಗಿ ಮೆಲುಕು ಹಾಕುವ ಎತ್ತುಗಳನ್ನು ಕಂಡ ನಮಗೆ ಈ ವ್ಯುತ್ಪತ್ತಿಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನಮ್ಮ ನುಡಿಯೂ ಇದಕ್ಕೆ ಸಾಕ್ಷಿ. ನಮ್ಮ ತಾಯಂದಿರು “ನಿನ್ನ ಹೊಟ್ಟೆ ತಣ್ಣಗಿರಲಿ” ಎಂದು ಹರಸುತ್ತಾರೆ. ಸಂಸ್ಕೃತದ ‘ಶಮ್’ ಧಾತುವು ಅಡಗುವುದನ್ನು, ಆರುವುದನ್ನು ಹೇಳುತ್ತದೆ, ಬೆಂಕಿ ಶಮನವಾಯಿತೆನ್ನುತ್ತೇವೆ. ಆದುದರಿಂದ ಶಾಂತಿಯು ಬೇಗೆಯನ್ನೇ ಅರಿಯದವನ ಸೊತ್ತಲ್ಲ. ಬೇಗೆಯೊಳಗೆ ನೆರಳನ್ನು ಕಂಡುಕೊಂಡವನದು. ನೆರಳಿಗೆ ಬಂದವನು ಬಿಸಿಲನ್ನು ಬೈಯುತ್ತ ಕೂಡುವುದಿಲ್ಲ. ಹೊತ್ತು ಇಳಿದ ಮೇಲೆ ಮತ್ತೆ ಹೊಲಕ್ಕೆ ಹೋಗುತ್ತಾನೆ.

ಎರಡನೆಯ ಗುಂಪಿನಲ್ಲಿ ‘ಕ್ವಯೆಟ್’, ‘ಸೈಲೆನ್ಸ್’, ‘ಪೇಷನ್ಸ್’ ಎಂಬ ಮಾತುಗಳಿವೆ. ಮೊದಲನೆಯದು ವಿಶ್ರಾಂತಿ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಎರಡನೆಯದು ಬರಿಯ ಮೌನ. ಮೂರನೆಯದು ನೋವನ್ನು ಸಹಿಸುವುದು. ನಮ್ಮ ‘ತಾಳ್ಮೆ’ಯೂ ತಾಳುವುದರಿಂದಲೇ ಹುಟ್ಟಿದೆ. ತಾಳ್ಮೆಯು ದೊಡ್ಡ ಗುಣವೇ ಸರಿ. ಆದರೆ ಮೌನವನ್ನು ಶಾಂತಿಯೆಂದು ಎಣಿಸಲಾಗದು. ಉಪಾಧ್ಯಾಯನು ಬೆತ್ತವನ್ನೆತ್ತಿದಾಗ ತರಗತಿಯು ನಿಶ್ಶಬ್ದವಾಗುತ್ತದೆ, ಅದು ಅಂಜಿಕೆ. ಬಲವುಳ್ಳವನ ಮುಂದೆ ಬಡವನು ಬಾಯಿ ಮುಚ್ಚಿಕೊಂಡರೆ ಅದೂ ಅಂಜಿಕೆಯೇ. ಅದನ್ನು ಶಾಂತಿಯೆಂದು ಹೊಗಳುವವರು ಬಲವುಳ್ಳವನಿಗೆ ಮಾತ್ರ ಉಪಕಾರ ಮಾಡುತ್ತಾರೆ.

ಮೂರನೆಯ ಮಾತು ‘ಪೀಸ್’. ಇದು ಲ್ಯಾಟಿನ್ನಿನ ‘ಪಾಕ್ಸ್’ ಶಬ್ದದಿಂದ ಬಂದುದು. ಅದರ ಧಾತುವಿಗೆ ಬಿಗಿಯುವುದು, ಕಟ್ಟುವುದು ಎಂದರ್ಥ. ಇಬ್ಬರನ್ನು ಕಟ್ಟುವ ಕರಾರೇ ಪೀಸ್. ಕೃಷ್ಣೆ, ತುಂಗಭದ್ರೆಗಳ ನಡುವಣ ಈ ನಮ್ಮ ನಾಡಿಗೆ ಕರಾರಿನ ಬೆಲೆಯೂ ಗೊತ್ತು, ಅದರ ದೌರ್ಬಲ್ಯವೂ ಗೊತ್ತು. ರಾಯಚೂರಿನ ಕೋಟೆಯ ಹೆಬ್ಬಂಡೆಯ ಮೇಲೆ 1294ರ ಶಾಸನವಿದೆ. ಮುಂದಿನ ಶತಮಾನಗಳಲ್ಲಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಈ ಭೂಮಿಗಾಗಿ ಮರಳಿ ಮರಳಿ ಕಾದಿದರು, ಒಪ್ಪಂದಗಳಾದವು, ಮುರಿದುಬಿದ್ದವು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ಕೋಟೆಯನ್ನು ತೆಗೆದುಕೊಂಡನು. ಅದೂ ವಿಜಯನಗರದ ಕೈಯಲ್ಲಿ ಬಹುಕಾಲ ಉಳಿಯಲಿಲ್ಲ. ಹಾಗೆಂದು ಕರಾರನ್ನು ಹಗುರಾಗಿ ಕಾಣಬಾರದು. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ ಸೀಮೆಯ ರೈತರನ್ನು ಕೇಳಿರಿ: ನೀರಿನ ಪಾಳಿ ಎಂಬ ಕಟ್ಟು ಇಲ್ಲವಾದರೆ ಮೇಲಿನ ಹೊಲದವನು ತಣಿಯುತ್ತಾನೆ, ಕೆಳಗಿನವನು ಬತ್ತುತ್ತಾನೆ. ನ್ಯಾಯವಿಲ್ಲದೆಡೆಯಲ್ಲಿ ಶಾಂತಿಯನ್ನು ಬೋಧಿಸಿ ಫಲವಿಲ್ಲ. ಆದರೆ ಕರಾರು ಕೈಗಳನ್ನು ಕಟ್ಟೀತು, ಮನಸ್ಸನ್ನು ತಿಳಿಗೊಳಿಸಲಾರದು.

ಇದನ್ನು ನಾನು ಗ್ರಂಥದಿಂದ ಕಲಿತುದಲ್ಲ. ನಾಚಿಕೆಯಾದರೂ ಗುರುಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಕಾಲುವೆಯ ನೀರಿನಲ್ಲಿ ನಮ್ಮಣ್ಣನ ಹೊಲ ಮೇಲೆ, ನನ್ನ ಹೊಲ ಕೆಳಗೆ. ಒಂದು ವರ್ಷ ಅವನು ನನ್ನ ಪಾಳಿಯ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಂಡನು. ನನ್ನ ನೆಲ್ಲು ತೆನೆಗಟ್ಟುವಾಗಲೇ ಒಣಗಿತು. ನಾನು ಜಗಳವಾಡಲಿಲ್ಲ, ಕೋರ್ಟಿಗೆ ಹೋಗಲಿಲ್ಲ, ಮಾತು ಬಿಟ್ಟೆನು. ಏಳು ವರ್ಷ ಅವನ ಅಂಗಳವನ್ನು ತುಳಿಯಲಿಲ್ಲ. ಊರವರು “ಮಾಸ್ತರರು ಬಹಳ ಶಾಂತರು” ಎಂದರು. ಆ ಹೊಗಳಿಕೆಯನ್ನು ನಾನು ಉಣ್ಣುತ್ತಿದ್ದೆನು. ಒಳಗೆ ಮಾತ್ರ ಬೂದಿ ಮುಚ್ಚಿದ ಕೆಂಡ.

ಒಂದು ಜಾತ್ರೆಯ ದಿನ ಮಠದ ಪ್ರಸಾದದ ಪಂಕ್ತಿಯಲ್ಲಿ, ನಮ್ಮ ವೈಮನಸ್ಯವನ್ನರಿಯದ ಒಬ್ಬ ಮರಿಯು ನಮ್ಮಿಬ್ಬರನ್ನೂ ಮಗ್ಗುಲಲ್ಲಿ ಕೂಡಿಸಿದನು. ಏಳುವುದು ಪ್ರಸಾದಕ್ಕೆ ಅವಮರ್ಯಾದೆಯಾದೀತೆಂದು ಕುಳಿತೆನು. ತುತ್ತು ಇಳಿಯದು. ಆಗ ಅಣ್ಣನು ತಲೆಯೆತ್ತದೆ, “ತಮ್ಮಾ, ಆ ವರ್ಷದ ನೀರು ನಿಂದೇ ಇತ್ತಪಾ” ಎಂದನು. ಅಷ್ಟೇ. ನಾನು ಗೆದ್ದೆನೆನ್ನಬೇಕಾಗಿತ್ತು, ಆದರೆ ನನ್ನ ಕೆಂಡದ ಮೇಲಿನ ಬೂದಿಯೇ ಹಾರಿಹೋಯಿತು. ಅದೇ ವರ್ಷ ಒಂದು ರಾತ್ರಿ ಅವನ ಹೊಲದ ಒಡ್ಡನ್ನು ಕಡಿದು ಬಂದವನು ನಾನು. ಅದು ಯಾರಿಗೂ ತಿಳಿದಿರಲಿಲ್ಲ. ನನ್ನ ಏಳು ವರ್ಷಗಳ ಮೌನವು ಸಿಟ್ಟನ್ನು ಮಾತ್ರವಲ್ಲ, ಆ ಕಳ್ಳತನವನ್ನೂ ಮುಚ್ಚಿಕೊಂಡಿತ್ತು. “ನಿನ್ನ ಒಡ್ಡು ಕಡಿದವನು ನಾನೇ, ಅಣ್ಣಾ” ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, ತನ್ನ ಮುಂದಿದ್ದ ರೊಟ್ಟಿಯಲ್ಲಿ ಅರ್ಧವನ್ನು ಮುರಿದು ನನ್ನ ಎಡೆಗೆ ಇಟ್ಟನು.

ಇನ್ನು ಕಡೆಯ ಮಾತು ‘ಸೆರೀನ್’. ಲ್ಯಾಟಿನ್ನಿನಲ್ಲಿ ಇದು ಮೋಡವಿಲ್ಲದ ತಿಳಿಯಾದ ಆಕಾಶಕ್ಕೆ ಹೇಳುವ ಮಾತು. ಇದಕ್ಕೆ ನಮ್ಮಲ್ಲಿ ಸಮನಾದ ಶಬ್ದವಾವುದು? ಅಷ್ಟಾವರಣಗಳಲ್ಲೊಂದಾಗಿ ನಾವು ನಿತ್ಯವೂ ಕೈಯೊಡ್ಡಿ ಪಡೆಯುವ ‘ಪ್ರಸಾದ’ವೇ! ಕದಡಿದುದು ಕೆಳಗಿಳಿದು ನೀರು ತಿಳಿಯಾಗುವುದೇ ಆ ಶಬ್ದದ ಮೊದಲ ಅರ್ಥ. ಮನಸ್ಸಿನ ತಿಳಿವೂ ಅದೇ, ಗುರುವಿನ ಅನುಗ್ರಹವೂ ಅದೇ. ಷಟ್‍ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಕೃಷ್ಣೆಯು ಮಾರ್ಗಶಿರದ ಹೊತ್ತಿಗೆ ತಳದ ಮರಳು ಕಾಣುವಂತೆ ತಿಳಿಯಾಗುತ್ತಾಳೆ. ತಿಳಿಯಾದ ನೀರಿನ ಗುರುತೇ ಅದು: ತಳವು ಕಾಣಬೇಕು. ನನ್ನ ಮೌನದಲ್ಲಿ ತಳವು ಕಾಣುತ್ತಿರಲಿಲ್ಲ. ಅಣ್ಣನ ಒಂದು ಸತ್ಯವಾದ ಮಾತು ಚಿಲ್ಲದ ಬೀಜದಂತೆ ಬಿದ್ದು ರಾಡಿಯನ್ನು ಇಳಿಸಿತು.

ಶರಣಬಂಧುಗಳೇ, ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವಿದು: ಮಾತುಗಳು ಹಲವು, ಏಕೆಂದರೆ ಮೆಟ್ಟಿಲುಗಳು ಹಲವು. ಬೇಗೆಯಲ್ಲಿ ನೆರಳು ಒಂದು, ನೋವಿನಲ್ಲಿ ತಾಳ್ಮೆ ಒಂದು, ವ್ಯವಹಾರದಲ್ಲಿ ನ್ಯಾಯದ ಕಟ್ಟು ಒಂದು. ಇವೆಲ್ಲದರ ಮೇಲೆ ಚಿತ್ತದ ಪ್ರಸಾದ. ಇನ್ನು ಸ್ವಲ್ಪ ಹೊತ್ತಿಗೆ ಶ್ರೀಮಠದಲ್ಲಿ ಪಂಕ್ತಿ ಕೂಡುವುದು. ಮಾತು ಬಿಟ್ಟವರು ಯಾರಾದರೂ ಇದ್ದರೆ ಇಂದು ಅವರ ಮಗ್ಗುಲಲ್ಲಿಯೇ ಕುಳಿತುಕೊಳ್ಳಿರೆಂದು ವಿಜ್ಞಾಪಿಸಿಕೊಳ್ಳುತ್ತೇನೆ. ಅವರ ತಪ್ಪಿಗಿಂತ ಮೊದಲು ನಮ್ಮ ತಪ್ಪನ್ನು ನುಡಿಯುವ ಧೈರ್ಯವನ್ನು ಶ್ರೀಗುರುವು ಕರುಣಿಸಲಿ.