ಮುಸ್ಸಂಜೆಯ ಕಾಲುಗಂಟೆ



ಕರಾವಳಿ, ಮಲೆನಾಡಿನ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಬಾಯಿಪಾಠ ಎಂದರೆ ಬಿಡಿಸಿ ಹೇಳಬೇಕಿಲ್ಲ. ಮುಸ್ಸಂಜೆಗೆ ಆಟ ಬಿಟ್ಟು, ಕೈಕಾಲು ತೊಳೆದು, ದೇವರ ದೀಪದ ಮುಂದೆ ಚಕ್ಕಳಮಟ್ಟೆ ಹಾಕಿ ಕೂರಬೇಕು. ಮೊದಲು ಭಜನೆ. ಆಮೇಲೆ ವಾರ, ತಿಥಿ, 27 ನಕ್ಷತ್ರ, ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ. ಅದೇ ರಾಗದಲ್ಲಿ ಮಗ್ಗಿ. ಅಕ್ಷಯ ಮುಗಿದು ಎರಡೊಂದ್ಲಿ ಎರಡು ಶುರುವಾದದ್ದೇ ಗೊತ್ತಾಗುತ್ತಿರಲಿಲ್ಲ. ದೇವರೂ ಲೆಕ್ಕವೂ ಒಂದೇ ಚಾಪೆಯ ಮೇಲೆ. ಒಂದು ನಕ್ಷತ್ರ ಹಾರಿಸಿದರೆ ಅಡುಗೆಮನೆಯಿಂದ ಅಜ್ಜಿಯ ದನಿ: "ಆಶ್ಲೇಷ ಆಯ್ತು, ಮಘೆ ಎಲ್ಲಿ ಹೋಯ್ತೋ?"

ಆ ಮಕ್ಕಳಿಗೆ ಭಕ್ತಿ ಇತ್ತೇ? ನಿದ್ದೆ ಇತ್ತು, ಹಸಿವಿತ್ತು, ಪಕ್ಕದವನನ್ನು ಚಿವುಟುವ ಆಸೆ ಇತ್ತು. ಮೊದಲು ಮನಸ್ಸಿನಲ್ಲಿ ನಂಬಿಕೆ ಮೂಡಬೇಕು, ಆಮೇಲೆ ಕೈ ಮುಗಿಯಬೇಕು ಎಂದು ಹೇಳುವವರಿದ್ದಾರೆ. ಮನೆಗಳಲ್ಲಿ ನಡೆಯುವುದು ಬಹುಮಟ್ಟಿಗೆ ತಿರುಗಾಮುರುಗಾ. ಕೈ ಮೊದಲು ಮುಗಿಯುತ್ತದೆ. ನಂಬಿಕೆ ಇಪ್ಪತ್ತೋ ನಲವತ್ತೋ ವರ್ಷ ಬಿಟ್ಟು, ಆಸ್ಪತ್ರೆಯ ವರಾಂಡದಲ್ಲಿ ಬಂದು ಸೇರಿಕೊಳ್ಳುತ್ತದೆ. ಆಗ ನಾಲಿಗೆಗೆ ಬರುವುದು ತೂಕಡಿಸುತ್ತ ಹೇಳಿದ ಆ ಸಾಲುಗಳೇ.

ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ರಾತ್ರಿ ಊಟಕ್ಕೆ ಮೊದಲು ತೇರ್ಸ್. ಜಪಮಣಿ ಹಿಡಿದು ಮರಿಯಮ್ಮನ ಪ್ರಾರ್ಥನೆ, ಹತ್ತು ಹತ್ತರಂತೆ ಐದು ಸಲ. ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧ ಎಲ್ಲರೂ. ನಡುವೆಯೇ ಅಮ್ಮ ಕಣ್ಸನ್ನೆಯಲ್ಲಿ ಮಗಳನ್ನು ಒಲೆಯ ಕಡೆ ಓಡಿಸುತ್ತಾಳೆ, ಗಂಜಿ ಉಕ್ಕೀತೆಂದು. ಇದನ್ನು ಚಂಚಲತೆ ಎನ್ನಲು ನನಗೆ ಮನಸ್ಸಿಲ್ಲ. ಪ್ರತಿ ಹತ್ತರ ಆರಂಭದಲ್ಲೂ ಅಂದಂದಿನ ಆಹಾರ ಕೊಡು ಎಂದು ಬೇಡಿಕೊಂಡಿರುತ್ತಾರಲ್ಲ, ಕೊಟ್ಟ ಗಂಜಿಯನ್ನು ಒಲೆಗೆ ಚೆಲ್ಲಿಸಿಕೊಂಡು ಕೂರುವುದು ಯಾವ ಭಕ್ತಿ?

ತೇರ್ಸ್ ಮುಗಿದ ಮೇಲೆ ಬೆಸಾಂವ್. ಕಿರಿಯರು ಒಬ್ಬೊಬ್ಬ ಹಿರಿಯರ ಮುಂದೆಯೂ ಕೈಮುಗಿದು ನಿಂತು ಆಶೀರ್ವಾದ ಬೇಡುತ್ತಾರೆ. ಸಂಜೆ ಬೈಸಿಕೊಂಡ ಮಗ ಅಪ್ಪನೊಬ್ಬನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೈದ ಅಪ್ಪನೂ ಹರಸದೆ ಇರುವಂತಿಲ್ಲ. ಕ್ಷಮೆ ಕೇಳು ಎಂದು ಯಾರೂ ಹೇಳಿರುವುದಿಲ್ಲ. ಆದರೂ ಊಟಕ್ಕೆ ಕೂರುವಾಗ ಇಬ್ಬರ ಮುಖದ ಬಿಗಿಯೂ ಅರ್ಧ ಇಳಿದಿರುತ್ತದೆ.

ಈಗ ಅನೇಕ ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿದ್ದಾರೆ. ಇಲ್ಲಿ ಏಳೂವರೆಯಾದಾಗ ದುಬೈನಲ್ಲಿ ಆರು. ಮಗ ಇನ್ನೂ ಟ್ರಾಫಿಕ್ಕಿನಲ್ಲಿ. ಅವನೂ ಫೋನಿನಲ್ಲಿ ಸೇರಿಕೊಳ್ಳಲಿ ಎಂದು ಪ್ರಾರ್ಥನೆಯನ್ನೇ ಒಂಬತ್ತಕ್ಕೆ ಸರಿಸಿಕೊಂಡ ಮನೆಗಳಿವೆ. ಕೆಲಸದಿಂದ ನಿವೃತ್ತರಾಗಿ, ಹೊತ್ತು ಹೋಗದೆ ಕೂತ ಅಪ್ಪನಿಗೆ ಅಷ್ಟರೊಳಗೆ ಫೋನು ಚಾರ್ಜ್ ಮಾಡಿಡುವುದೂ ಒಂದು ಹೊಣೆ, ಹಿಂದೆ ಅಜ್ಜಿ ಮಧ್ಯಾಹ್ನವೇ ಬತ್ತಿ ಹೊಸೆದಿಡುತ್ತಿದ್ದ ಹಾಗೆ. ಬದುಕಿಗೊಂದು ಗುರಿ ಬೇಕು ಎನ್ನುತ್ತೇವೆ. ಆ ವಯಸ್ಸಿನಲ್ಲಿ ಒಂಬತ್ತು ಗಂಟೆಗೆ ತನ್ನಿಂದ ಒಂದು ಕೆಲಸ ಆಗಬೇಕಿದೆ ಎಂಬುದು ಸಣ್ಣ ಮಾತಲ್ಲ.

ಹೊಸದಾಗಿ ಶುರುಮಾಡುವವರ ತೊಂದರೆ ಬೇರೆ. ಯುಗಾದಿಯ ದಿನ ಸಂಕಲ್ಪ: ನಾಳೆಯಿಂದ ಮನೆಮಂದಿಯೆಲ್ಲ ಕೂತು ದಿನಕ್ಕೊಂದು ತಾಸು ಪಾರಾಯಣ. ರಾಮನವಮಿಯ ಪಾನಕ ಕುಡಿಯುವ ಹೊತ್ತಿಗೆ ಅದು ನಿಂತಿರುತ್ತದೆ. ಜ್ವರ ಬಂದ ದಿನ, ನೆಂಟರು ತುಂಬಿದ ದಿನ, ಕರೆಂಟು ಹೋದ ದಿನವೂ ನಡೆಯುವಷ್ಟು ಚಿಕ್ಕದನ್ನು ಇಟ್ಟುಕೊಳ್ಳಿ. ಒಂದು ಭಜನೆ, ಇಲ್ಲವೇ ಒಂದೇ ಒಂದು ವಚನ. ಎಂದಾದರೂ ತಪ್ಪಿತೋ, ಮರುದಿನ ಬಡ್ಡಿ ಸಮೇತ ತೀರಿಸಲು ಮಾತ್ರ ಕೂರಬೇಡಿ. ಮಕ್ಕಳು ಎದ್ದು ಓಡುತ್ತಾರೆ.